‘ಕರುಣಾಳು ಬಾ ಬೆಳಕೆ’ ಯಾರ ಪ್ರಾರ್ಥನೆ?

‘ಕರುಣಾಳು ಬಾ ಬೆಳಕೆ’ ಕೇಳದ ಕನ್ನಡಿಗರು ವಿರಳ. ಶಾಲೆಯ ಪ್ರಾರ್ಥನೆಯಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಅದು ನಮ್ಮದೇ ಹಾಡಾಗಿಬಿಟ್ಟಿದೆ. ಬಿ.ಎಂ.ಶ್ರೀಕಂಠಯ್ಯನವರ (ಬಿ.ಎಂ.ಶ್ರೀ) ‘ಇಂಗ್ಲಿಷ್ ಗೀತಗಳು’ (1926) ಎಂಬ ಅನುವಾದ ಸಂಕಲನದ್ದು ಎಂಬುದೂ ಹಲವರಿಗೆ ಗೊತ್ತು. ಮೂಲ ಕವಿ ಜಾನ್ ಹೆನ್ರಿ ನ್ಯೂಮನ್ ಕ್ರೈಸ್ತ ಪಾದ್ರಿ ಎಂಬುದು ಮಾತ್ರ ಮರೆವಿಗೆ ಸಂದಿದೆ. ಅದನ್ನು ನೆನಪಿಟ್ಟು ಓದಿದರೆ ಹಾಡು ನಮ್ಮಿಂದ ದೂರವಾಗುವುದಿಲ್ಲ, ಅದರ ಅರ್ಥ ಇನ್ನಷ್ಟು ತೆರೆದುಕೊಳ್ಳುತ್ತದೆ ಎಂಬುದು ನನ್ನ ವಾದ.

1833ರ ಜೂನ್. 32 ವರ್ಷದ ನ್ಯೂಮನ್ ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಬಾಗಿಲವರೆಗೆ ಹೋಗಿ ಬಂದಿದ್ದರು. ಊರು ಸೇರುವ ಆತುರದಲ್ಲಿ ಕಿತ್ತಳೆ ಹೊತ್ತ ಹಾಯಿಹಡಗು ಹತ್ತಿದರೆ, ಕಾರ್ಸಿಕಾ, ಸಾರ್ಡಿನಿಯಾಗಳ ನಡುವೆ ಗಾಳಿಯೇ ಇಲ್ಲದೆ ಹಡಗು ದಿನಗಟ್ಟಲೆ ನಿಂತುಬಿಟ್ಟಿತು. ಆಗ ಬರೆದ ಈ ಕವಿತೆಗೆ ಅವರು ಕೊಟ್ಟ ಹೆಸರು ‘ಮೇಘಸ್ತಂಭ’. ಬೈಬಲಿನ ವಿಮೋಚನಕಾಂಡದಲ್ಲಿ ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರ ಮುಂದೆ ಹಗಲು ಮೇಘವಾಗಿ, ಇರುಳು ಬೆಂಕಿಯಾಗಿ ನಡೆದದ್ದು ಇದೇ ಸ್ತಂಭ. ಮೇಘ ಎದ್ದರೆ ಪಯಣ, ನಿಂತರೆ ಬಿಡಾರ. ಎರಡು ದಿನವೋ ತಿಂಗಳೋ, ಕಾಯಬೇಕು ಎನ್ನುತ್ತದೆ ಅರಣ್ಯಕಾಂಡ. ದಾರಿ ಪೂರ್ತಿ ಕಾಣುವುದು ಬೇಡ, ಒಂದು ಹೆಜ್ಜೆಗಾಗುವಷ್ಟು ಕಂಡರೆ ಸಾಕು ಎಂಬ ಬೇಡಿಕೆ ಹುಟ್ಟಿದ್ದು ಈ ಕಥೆಯನ್ನು ಓದಿ ಅರಗಿಸಿಕೊಂಡವನ ಬಾಯಲ್ಲಿ. ಎರಡನೆಯ ನುಡಿಯಂತೂ ನೇರ ತಪ್ಪೊಪ್ಪಿಗೆ: ನನ್ನ ದಾರಿ ನಾನೇ ಆರಿಸಿಕೊಂಡೆ, ಗರ್ವಪಟ್ಟೆ, ಹಿಂದಿನದನ್ನು ಎಣಿಸಬೇಡ. ಪಶ್ಚಾತ್ತಾಪ, ಕ್ಷಮೆ, ಅನರ್ಹನಿಗೂ ಸಿಗುವ ಕೃಪೆ: ಕ್ರೈಸ್ತ ದೈವಶಾಸ್ತ್ರದ ತಿರುಳು ಇದು. ದಪ್ಪ ಗ್ರಂಥಗಳಲ್ಲಿ ಹುಡುಕುವಂಥದ್ದು ಇಲ್ಲಿ ಮಕ್ಕಳ ಬಾಯಿಗೂ ಬಂದಿದೆ.

ಬೆಳಕಿನ ಪ್ರಾರ್ಥನೆ ನಮ್ಮಲ್ಲಿ ಮೊದಲೇ ಇರಲಿಲ್ಲವೇ, ಮೂಲ ಕೆದಕುವುದೇಕೆ ಎನ್ನಬಹುದು. ಇತ್ತು, ನಿಜ. ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆ ಕತ್ತಲಿನಿಂದ ಬೆಳಕಿಗೆ ಕರೆದೊಯ್ಯಲು ಕೇಳುತ್ತದೆ. ನ್ಯೂಮನ್ ಮೊದಲು ಕೇಳುವುದು ಬೇರೆ: ಕತ್ತಲು ಇದ್ದರೂ ಇರಲಿ, ಅದರೊಳಗೆ ಜೊತೆಗಿರು. ಬೆಳಗಿನ ಮಾತು ಬರುವುದು ಕೊನೆಗೆ. ಎರಡೂ ಒಂದೇ ಎಂದು ಕಲಸಿಬಿಟ್ಟರೆ ಎರಡಕ್ಕೂ ಅನ್ಯಾಯ. ಕಾಯಿಲೆಯ ಮನೆಯಲ್ಲಿ, ಸಾವಿನ ಮನೆಯಲ್ಲಿ ಈ ಹಾಡು ಹಿಡಿಸುವುದಕ್ಕೆ ಆ ವ್ಯತ್ಯಾಸವೇ ಕಾರಣವೆಂದು ನನಗೆ ತೋರುತ್ತದೆ.

ಇನ್ನೊಂದು ಆಕ್ಷೇಪ ಕ್ರೈಸ್ತರ ಕಡೆಯದು: ಯೇಸುವಿನ ಹೆಸರೇ ಇಲ್ಲದ್ದು ಕ್ರೈಸ್ತ ಪ್ರಾರ್ಥನೆ ಹೇಗಾದೀತು? ಇದು ಇಂಗ್ಲೆಂಡಿನಲ್ಲೇ ಎದ್ದ ಪ್ರಶ್ನೆ. ಬಿಕರ್‌ಸ್ಟೆತ್ ಎಂಬ ಪಾದ್ರಿ ರಕ್ಷಕನನ್ನು ಕರೆಯುವ ನಾಲ್ಕನೆಯ ನುಡಿಯೊಂದನ್ನು ತಾವೇ ಸೇರಿಸಿದರು. ನ್ಯೂಮನ್‌ಗೆ ಅದು ಹಿಡಿಸಲಿಲ್ಲ. ನ್ಯೂಮನ್ ನಿಲುವೇ ಸರಿ. ಎಸ್ತೇರಳ ಗ್ರಂಥದ ಹೀಬ್ರೂ ಪಾಠದಲ್ಲಿ ದೇವರ ಹೆಸರು ಒಮ್ಮೆಯೂ ಬಾರದು, ಆದರೂ ಅದು ಬೈಬಲಿನೊಳಗಿದೆ. ಹೆಸರು ಹೇಳದಿದ್ದರೂ ನಂಬಿಕೆ ಗಟ್ಟಿಯಾಗಿರಬಲ್ಲದು. ಮುಂದೆ 1845ರಲ್ಲಿ ಕ್ಯಾಥೊಲಿಕ್ ಸಭೆ ಸೇರಿದ ಇದೇ ನ್ಯೂಮನ್‌ರನ್ನು ರೋಮ್ 2019ರಲ್ಲಿ ಸಂತರೆಂದು ಘೋಷಿಸಿತು.

ಹಾಡುವಾಗ ರಾಗದಲ್ಲಿ ಮಾತು ಜಾರಿಹೋಗುತ್ತದೆ. ಆದ್ದರಿಂದ ಬಿ.ಎಂ.ಶ್ರೀಯವರ ಪುಸ್ತಕ ತೆರೆದು ಈ ಕವಿತೆಯನ್ನೊಮ್ಮೆ ರಾಗವಿಲ್ಲದೆ, ಮೊದಲಿನಿಂದ ಕೊನೆಯವರೆಗೆ ಓದಿ. ಪಕ್ಕದಲ್ಲಿ ವಿಮೋಚನಕಾಂಡದ 13ನೇ ಅಧ್ಯಾಯವೂ ಇರಲಿ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಮೇಷ್ಟ್ರುಗಳು ಬಿ.ಎಂ.ಶ್ರೀ ಹೆಸರಿನ ಜೊತೆಗೆ ನ್ಯೂಮನ್ ಹೆಸರನ್ನೂ ಹೇಳಿಕೊಡಲಿ.