ಸೊಪ್ಪಿನ ಮಜ್ಜಿಗೆ ಹುಳಿ: ಐದು ಜನಕ್ಕೆ ಅರ್ಧ ಲೀಟರ್ ಮೊಸರು ಸಾಕು

ಬೆಳಗಾದರೆ ಹಾಲಿನ ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲುವುದು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೆಣ್ಣುಮಕ್ಕಳಿಗೆ ಹೊಸತೇನಲ್ಲ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೈರಿ ಸೇರಿದ ಹಾಲು ಪ್ಯಾಕೆಟ್ಟಾಗಿ ಊರೂರು ಮುಟ್ಟುತ್ತದೆ. ಬಂದ ದುಡ್ಡು ಮಕ್ಕಳ ಫೀಸಿಗೆ, ಸಂಘದ ಕಂತಿಗೆ ಒದಗುತ್ತದೆ. ಸಂತೋಷವೇ. ಆದರೆ ಹಸು ಕಟ್ಟಿದ ಮನೆಯಲ್ಲೇ ಮೊಸರಿಲ್ಲ ಅಂದರೆ? ಇರುವ ಒಂದು ಲೋಟ ಮಜ್ಜಿಗೆಯನ್ನು ಯಜಮಾನರಿಗೂ ಮಕ್ಕಳಿಗೂ ಬಡಿಸಿ, ಕೊನೆಗೆ ಊಟಕ್ಕೆ ಕೂರುವ ನಿಮ್ಮ ತಟ್ಟೆಗೆ ಬರೀ ತಿಳಿಸಾರು. ಹೌದೋ ಅಲ್ಲವೋ, ನೀವೇ ಹೇಳಿ!

ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಂದು ಉಪಾಯವಿದೆ. ಅದೇ ಸೊಪ್ಪು ಹಾಕಿದ ಮಜ್ಜಿಗೆ ಹುಳಿ. ಅರ್ಧ ಲೀಟರ್ ಮೊಸರು ಐದು ಜನರ ಅನ್ನಕ್ಕೆ ಸಮನಾಗಿ ಮುಟ್ಟುತ್ತದೆ, ಮಾಡಿದವರ ತಟ್ಟೆಗೂ ಉಳಿಯುತ್ತದೆ.

ದೂರದ ಇರಾನಿನ ಹೆಂಗಸರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ ಎಂದರೆ ನಂಬುತ್ತೀರಾ? ಅಲ್ಲಿ ಇದರ ಹೆಸರು 'ಆಶ್-ಎ-ಮಾಸ್ತ್'. ಮಾಸ್ತ್ ಎಂದರೆ ಮೊಸರು, ಆಶ್ ಎಂದರೆ ಗಟ್ಟಿ ಸಾರು. ಅಡುಗೆ ಮಾಡುವವರನ್ನು ಆ ಭಾಷೆಯಲ್ಲಿ 'ಆಶ್‌ಪಜ್', ಅಂದರೆ ಆಶ್ ಬೇಯಿಸುವವರು ಎಂದೇ ಕರೆಯುತ್ತಾರೆ. ಅಕ್ಕಿ, ಕಾಬೂಲಿ ಕಡಲೆ ಬೇಯಿಸಿ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್ ಹೆಚ್ಚಿ ಹಾಕಿ, ಮೊಸರು ಬೆರೆಸುತ್ತಾರೆ. ಕೊನೆಗೆ ಬೆಳ್ಳುಳ್ಳಿ ಮತ್ತು ಒಣಗಿಸಿದ ಪುದೀನವನ್ನು ಎಣ್ಣೆಯಲ್ಲಿ ಹುರಿದು ಮೇಲೆ ಸುರಿಯುತ್ತಾರೆ. ನಮ್ಮ ಒಗ್ಗರಣೆಯೇ ಅಲ್ಲವೇ ಇದು?

ಅಲ್ಲಿಯವರಿಗೂ ಇಲ್ಲಿಯವರಿಗೂ ಭಯ ಒಂದೇ: ಮೊಸರು ಒಡೆದು ನೀರು ಬೇರೆ, ಗಸಿ ಬೇರೆ ಆಗುವುದು. ಬಿಸಿ ಹೆಚ್ಚಾದರೆ ಮೊಸರಿನ ಸಾರಾಂಶ ಗಂಟುಕಟ್ಟುತ್ತದೆ. ಅಕ್ಕಿ, ಕಡಲೆಯ ಹಿಟ್ಟಿನಂಶ ನಡುವೆ ಸೇರಿಕೊಂಡು ಅದನ್ನು ತಡೆಯುತ್ತದೆ. ನಮ್ಮ ಅಜ್ಜಿಯರು ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುತ್ತಿದ್ದುದು ಬರೀ ರುಚಿಗಲ್ಲ!

ಬೇಕಾಗುವ ಸಾಮಾನು: ದಂಟಿನ ಸೊಪ್ಪು ಅಥವಾ ಬಸಳೆ 2 ಕಟ್ಟು, ಸಬ್ಬಸಿಗೆ 1 ಹಿಡಿ, ಹದವಾಗಿ ಹುಳಿಯಾದ ಮೊಸರು ಅರ್ಧ ಲೀಟರ್, ಕಡಲೆಬೇಳೆ 2 ದೊಡ್ಡ ಚಮಚ, ತೆಂಗಿನತುರಿ ಅರ್ಧ ಬಟ್ಟಲು, ಹಸಿಮೆಣಸಿನಕಾಯಿ 5, ಜೀರಿಗೆ ಮತ್ತು ಕೊತ್ತಂಬರಿ ಬೀಜ 1 ಚಮಚದಷ್ಟು, ಚೂರು ಶುಂಠಿ, ಅರಿಶಿನ, ಉಪ್ಪು. ಒಗ್ಗರಣೆಗೆ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕರಿಬೇವು.

ಮಾಡುವ ವಿಧಾನ: ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ತೆಂಗು, ಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ಶುಂಠಿಯೊಂದಿಗೆ ನುಣ್ಣಗೆ ರುಬ್ಬಿ. ಸೊಪ್ಪು ಹೆಚ್ಚಿ, ಅರಿಶಿನ ಹಾಕಿ ಸ್ವಲ್ಪವೇ ನೀರಿನಲ್ಲಿ ಬೇಯಿಸಿ. ರುಬ್ಬಿದ್ದನ್ನು ಸೇರಿಸಿ, ಹಸಿವಾಸನೆ ಹೋಗುವವರೆಗೆ ಕುದಿಸಿ. ಈಗ ಉರಿ ಸಣ್ಣಗೆ ಮಾಡಿ, ಗಂಟಿಲ್ಲದಂತೆ ಕಡೆದ ಮೊಸರನ್ನು ಸುರಿದು, ಕೈಬಿಡದೆ ತಿರುವುತ್ತಿರಿ. ಅಂಚಿನಲ್ಲಿ ಮೊದಲ ಕುದಿ ಕಂಡ ಕೂಡಲೇ ಇಳಿಸಿ. ಮುಚ್ಚಳ ಮುಚ್ಚಬೇಡಿ. ಉಪ್ಪು, ಒಗ್ಗರಣೆ ಕೊನೆಗೆ.

ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇದನ್ನು ಮಾಡಬೇಡಿ, ಹುಳಿಗೆ ಕಿಲುಬು ಬಿಡುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ವಾಸಿ. ಉಳಿದದ್ದನ್ನು ಮತ್ತೆ ಬಿಸಿ ಮಾಡುವಾಗ ಕುದಿಸಬೇಡಿ.

ನಾಲೆಯ ಅಂಚು, ಗದ್ದೆ ಬದುಗಳಲ್ಲಿ ಸಿಗುವ ಹೊನಗೊನ್ನೆಯೂ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಕಳೆನಾಶಕ ಹೊಡೆದ ಬದುವಿನ ಸೊಪ್ಪು ಬೇಡವೇ ಬೇಡ, ಎಷ್ಟು ತೊಳೆದರೂ ನಂಬುವಂತಿಲ್ಲ. ಹಿತ್ತಲಲ್ಲಿ ನಾಲ್ಕು ಬಸಳೆ ಕಡ್ಡಿ ಊರಿಕೊಂಡರೆ ಆ ಚಿಂತೆಯೂ ಇಲ್ಲ. ಮಗಳನ್ನು ಜೊತೆಗೆ ಕರೆದು ಯಾವ ಸೊಪ್ಪು ಯಾವುದೆಂದು ತೋರಿಸಿ, ಪುಸ್ತಕದಲ್ಲಿ ಓದಿ ಬರುವ ಗುರುತಲ್ಲ ಅದು.

ಇಂದು ಸಂಜೆ ಕರೆದ ಹಾಲನ್ನು ಕ್ಯಾನಿಗೆ ಸುರಿಯುವ ಮುಂಚೆ ಅರ್ಧ ಲೀಟರ್ ಒಳಗಿಟ್ಟು ಹೆಪ್ಪು ಹಾಕಿ. ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದವರಿಗೂ ಅದರಲ್ಲಿ ಒಂದು ಪಾಲು ಬೇಡವೇ?