ಬೆಳಗಾದರೆ ಗುರುವಾರ

ಬೆಂಗಳೂರಿನ ಹಳೆಯ ಪೇಟೆಯಲ್ಲಿ, ಚಿಕ್ಕಪೇಟೆಯ ರೇಷ್ಮೆ ಅಂಗಡಿಗಳ ಸಂದಣಿಯನ್ನು ಹೇಗೋ ದಾಟಿ ಸುಲ್ತಾನಪೇಟೆಯ ಬೀದಿಯನ್ನು ಹೊಕ್ಕವನು ಪಂಚಾಂಗವನ್ನು ತೆರೆದು ನೋಡಬೇಕಾದ ಅಗತ್ಯವಿಲ್ಲ. ಲಗ್ನಪತ್ರಿಕೆಯ ಅಂಗಡಿಗಳ ಮುಂದೆ ನಿಂತ ಜನವನ್ನು ಕಂಡೇ ಮುಹೂರ್ತದ ಮಾಸಗಳು ಎಷ್ಟು ಸಮೀಪಿಸಿದುವೆಂಬುದನ್ನು ಅವನು ಊಹಿಸಬಲ್ಲನು. ಆಷಾಢದಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲಿಲ್ಲ, ಅಧಿಕಮಾಸದಲ್ಲಿಲ್ಲ, ಗುರುಶುಕ್ರರು ಅಸ್ತಂಗತರಾದ ದಿನಗಳಲ್ಲಿಯೂ ಇಲ್ಲ. ಆದರೆ ಶ್ರಾವಣದ ಮದುವೆಯ ಪತ್ರಿಕೆಯನ್ನು ಆಷಾಢದಲ್ಲಿಯೇ ಅಚ್ಚಿಗೆ ಕೊಡದೆ ವಿಧಿಯಿಲ್ಲವಾದ್ದರಿಂದ, ಓಲಗ ಕೇಳದ ತಿಂಗಳಿನಲ್ಲಿಯೂ ಈ ಬೀದಿಗೆ ಕೆಲಸವುಂಟು. 2023ರಲ್ಲಿ ಶ್ರಾವಣವೇ ಅಧಿಕವಾಗಿ ಬಂದು, ಜುಲೈ 18ರಿಂದ ಆಗಸ್ಟ್ 16ರವರೆಗೆ ವ್ಯಾಪಿಸಿದಾಗ, ಆಷಾಢದ ಬೆನ್ನಿಗೇ ಇನ್ನೊಂದು ತಿಂಗಳು ಕಾಯಬೇಕಾಯಿತು. ಹೀಗೆ ಪತ್ರಿಕೆಯ ಲೆಕ್ಕವೆಂಬುದು ಇಂದಿನಿಂದ ಮುಂದಕ್ಕೆ ಎಣಿಸುವ ಲೆಕ್ಕವಲ್ಲ. ಮುಹೂರ್ತದಿಂದ ಹಿಂದಕ್ಕೆ ಎಣಿಸತಕ್ಕದ್ದು.

ಮೂಲದಲ್ಲಿ ಲಗ್ನಪತ್ರಿಕೆ ಅಚ್ಚಿನ ವಸ್ತುವೇ ಅಲ್ಲ. ನಿಶ್ಚಿತಾರ್ಥದ ದಿನ ಪುರೋಹಿತರು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಲಗ್ನಗಳನ್ನು ಕ್ರಮವಾಗಿ ಬರೆದು, ಉಭಯ ಪಕ್ಷದ ಹಿರಿಯರ ಮುಂದೆ ಓದಿ, ಅರಿಸಿನ ಕುಂಕುಮ ಹಚ್ಚಿ ಕೈಗಿತ್ತ ಹಾಳೆಯೇ ಅದು. ನಂಟರಿಷ್ಟರಿಗೆ ಹಂಚುವ ಮುದ್ರಿತ ಆಹ್ವಾನವು ಆ ಹಾಳೆಯ ಹೆಸರನ್ನೂ ಕಾಲನಿರ್ದೇಶದ ಕ್ರಮವನ್ನೂ ಎರವಲು ಪಡೆಯಿತು. ಮೂಲೆಗೆ ಅರಿಸಿನ ಹಚ್ಚುವುದನ್ನೂ, ಮೊದಲ ಪ್ರತಿಯನ್ನು ಮನೆದೇವರ ಮುಂದಿಡುವುದನ್ನೂ ನಾವು ಇನ್ನೂ ಬಿಟ್ಟಿಲ್ಲ.

ಇಂದು ಹೆಚ್ಚಿನವರು ಆರಿಸುವುದು ಸಿದ್ಧ ಕಾರ್ಡನ್ನು. ಹೊರಮೈಯ ಗಣಪತಿ, ಚಿನ್ನದ ಗೆರೆ, ಮಾವಿನ ತೋರಣಗಳು ಶಿವಕಾಶಿಯಂಥ ಮುದ್ರಣದ ಊರುಗಳಲ್ಲಿ ಮೊದಲೇ ಅಚ್ಚಾಗಿ ಬರುತ್ತವೆ. ಒಳಗಿನ ಖಾಲಿ ಪುಟವನ್ನು ತುಂಬುವುದಷ್ಟೇ ಇಲ್ಲಿಯ ಕೆಲಸ. ಒಂದೇ ಬಣ್ಣದಲ್ಲಾದರೆ ಮುದ್ರಣಕ್ಕೆ ಎರಡು ಮೂರು ದಿನ ಸಾಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಚೌಕಟ್ಟು, ಒಂದು ಒಣಗಿದ ಬಳಿಕವೇ ಇನ್ನೊಂದು ಎಂಬ ನಿಯಮವಿರುವುದರಿಂದ, ಅದೂ ಮಳೆಗಾಲವಾದರೆ, ವಾರ ಹಿಡಿದೀತು. ಆದರೂ ನಾನು ಕಂಡಮಟ್ಟಿಗೆ ವಿಳಂಬದ ಮೂಲ ಮುದ್ರಣಾಲಯದಲ್ಲಿಲ್ಲ, ಮನೆಯಲ್ಲಿದೆ. ‘ಸುಖಾಗಮನವನ್ನು ಬಯಸುವವರು’ ಎಂಬ ಒಂದು ಸಾಲಿನ ಕೆಳಗೆ ಯಾರ ಹೆಸರು ಮೊದಲು, ಯಾರದು ಅನಂತರ, ತೀರಿಹೋದ ಅಜ್ಜನ ಹೆಸರು ಎಲ್ಲಿ, ಮಾತು ಬಿಟ್ಟ ಚಿಕ್ಕಪ್ಪನ ಹೆಸರು ಬೇಕೋ ಬೇಡವೋ ಎಂಬ ಚರ್ಚೆಗೆ ಹದಿನೈದು ದಿನಗಳು ನಿರಾಯಾಸವಾಗಿ ಸಲ್ಲುತ್ತವೆ. ಆದಕಾರಣ ಮುಹೂರ್ತಕ್ಕೆ ಎರಡೂವರೆ ತಿಂಗಳು ಮುಂಚೆ ಕಾರ್ಡನ್ನು ಆರಿಸಿ, ಎರಡು ತಿಂಗಳಿರುವಾಗ ಒಕ್ಕಣೆಯನ್ನು ಅಚ್ಚಿನವರಿಗೊಪ್ಪಿಸುವುದು ಕ್ಷೇಮ.

ಕರಡಚ್ಚು ತಿದ್ದುವುದಕ್ಕೆ ಪ್ರತ್ಯೇಕವಾಗಿ ಎರಡು ದಿನ ಬೇಕು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ‘ಲಕ್ಷ್ಮೀ’ ಎಂಬ ಹೆಸರಿನ ಒತ್ತಕ್ಷರಗಳು ಜೋಡಿಸುವವನ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದುವು. ಈಗ ಮನೆಯವರು ಮೊಬೈಲಿನಲ್ಲಿ ಕಳುಹಿಸಿದ ಯೂನಿಕೋಡ್ ಬರಹವನ್ನು ಅಂಗಡಿಯವರು ಹಳೆಯ ನುಡಿ ಅಕ್ಷರಕ್ಕೆ ಮಾರ್ಪಡಿಸುವಾಗ ಒತ್ತುಗಳೂ ಅರ್ಕಾವೊತ್ತುಗಳೂ ಸ್ಥಾನಪಲ್ಲಟಗೊಂಡು, ಅದೇ ಲಕ್ಷ್ಮೀದೇವಿ ಅದೇ ಸಾಲಿನಲ್ಲಿ ಭಿನ್ನಳಾಗುತ್ತಾಳೆ.

ಅದಕ್ಕಿಂತಲೂ ಸೂಕ್ಷ್ಮವಾದುದು ಮುಹೂರ್ತದ ಸಾಲು. ಪಂಚಾಂಗದ ದಿನ ಸೂರ್ಯೋದಯಕ್ಕೆ ಆರಂಭವಾಗುವುದು, ಇಂಗ್ಲಿಷ್ ತಾರೀಖು ನಡುರಾತ್ರಿಗೆ ಬದಲಾಗುವುದು. ನಸುಕಿನ ನಾಲ್ಕೂವರೆಗೆ ಧಾರೆಯಾದರೆ ಪುರೋಹಿತರಿಗೆ ಅದು ಇನ್ನೂ ಬುಧವಾರ, ಗಡಿಯಾರಕ್ಕೆ ಆಗಲೇ ಗುರುವಾರ. ಹಿಂದಿನವರು ಈ ತೊಡಕನ್ನು ‘ಬುಧವಾರ ರಾತ್ರಿ, ಬೆಳಗಾದರೆ ಗುರುವಾರ’ ಎಂಬ ನಾಲ್ಕು ಪದಗಳಲ್ಲಿ ಬಿಡಿಸಿಟ್ಟಿದ್ದರು. ನಮ್ಮ ಮನೆಯ ಮದುವೆಯೊಂದರಲ್ಲಿ, ಇದು ಹಳೆಯ ಶೈಲಿಯೆಂದು ಭಾವಿಸಿದ ಅಚ್ಚಿನವರು ‘ಬುಧವಾರ ಪ್ರಾತಃಕಾಲ 4-30’ ಎಂದು ಚೊಕ್ಕಮಾಡಿದರು. ಕರಡಿಗೆ ರುಜು ಹಾಕಿದವನು ನಾನೇ. ಶಿವಮೊಗ್ಗದಿಂದ ಹೊರಟ ಸೋದರಮಾವನವರು ಮಂಗಳವಾರ ರಾತ್ರಿ ಸಕುಟುಂಬರಾಗಿ ಛತ್ರಕ್ಕೆ ಬಂದು, ಬೀಗ ಹಾಕಿದ ಬಾಗಿಲನ್ನು ಕಂಡು, ಅಲ್ಲಿಂದಲೇ ನನ್ನನ್ನು ವಿಚಾರಿಸಿಕೊಂಡರು.

ಇನ್ನು ಅಂಚೆ. ಪತ್ರಿಕೆಗಳು ಮುಹೂರ್ತಕ್ಕೆ ನಲವತ್ತೈದು ದಿನವಿರುವಾಗ ಕೈಸೇರಿದರೆ, ಹೊರರಾಜ್ಯದವುಗಳನ್ನು ಒಂದು ತಿಂಗಳು ಮೊದಲು, ನಾಡಿನೊಳಗಿನವುಗಳನ್ನು ಇಪ್ಪತ್ತು ದಿನ ಮೊದಲು ಕಳುಹಿಸಬಹುದು. ಊರಿನವರನ್ನು ಮನೆಗೆ ಹೋಗಿ ಅಕ್ಷತೆಯಿಟ್ಟು ಕರೆಯುವುದು ಆಮೇಲೆ. ಅತಿ ಮುಂಚಿತವೂ ಸಲ್ಲದು: ಎರಡು ತಿಂಗಳ ಮೊದಲೇ ಬಂದ ಪತ್ರಿಕೆ ಮೇಜಿನ ಖಾನೆಯನ್ನು ಸೇರಿ ವಿಸ್ಮೃತಿಗೆ ಸಲ್ಲುತ್ತದೆ. ಬಹುಕಾಲ ನಮ್ಮವರು ಲಕೋಟೆಯ ಬಾಯನ್ನು ಅಂಟಿಸದೆ ಒಳಕ್ಕೆ ಮಡಿಸಿ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದು ಕಡಿಮೆ ದರದಲ್ಲಿ ಕಳುಹಿಸುತ್ತಿದ್ದರು. ಒಳಗೆ ಕ್ಷೇಮಸಮಾಚಾರದ ಚೀಟಿಯಿಟ್ಟರೆ ಅದು ಖಾಸಗಿ ಪತ್ರವಾಗಿ ಆ ರಿಯಾಯಿತಿ ತಪ್ಪುತ್ತಿತ್ತು. ಇಂದಿನ ದಪ್ಪ ಕಾರ್ಡುಗಳಿಗಾದರೋ ತೂಕವೇ ಮುಖ್ಯ. ನಾಲ್ಕು ಹಾಳೆ, ಲೋಹದ ಗಣಪತಿ, ರೇಷ್ಮೆ ದಾರ ಎಲ್ಲವೂ ಸೇರಿದ ಒಂದು ಲಕೋಟೆಯನ್ನು ಮೊದಲು ಅಂಚೆ ಕಚೇರಿಯ ತಕ್ಕಡಿಗೆ ಹಾಕಿಸಿ, ಅನಂತರವೇ ಉಳಿದವುಗಳಿಗೆ ಅಂಚೆಚೀಟಿ ಕೊಳ್ಳಬೇಕು. ಚೀಟಿ ಸಾಲದೆ ಬಂದ ಆಹ್ವಾನಕ್ಕೆ ಅತಿಥಿಯೇ ದಂಡ ತೆರುವಂತಾಗಬಾರದು.

ಪ್ರತಿಗಳನ್ನು ತಲೆಗೊಂದರಂತೆ ಎಣಿಸದೆ ಮನೆಗೊಂದರಂತೆ ಎಣಿಸಿ, ಮೇಲೆ ಐವತ್ತು ಸೇರಿಸಿಕೊಳ್ಳುವುದು ಲೇಸು. ಆಮೇಲೆ ನೆನಪಾದ ಐವತ್ತಕ್ಕಾಗಿ ಯಂತ್ರವನ್ನು ಹೊಸದಾಗಿ ಅಣಿಗೊಳಿಸುವ ವೆಚ್ಚ ಮೊದಲಿನಷ್ಟೇ ಬೀಳುತ್ತದೆ. ಸಿದ್ಧ ಕಾರ್ಡಿನ ಲಕೋಟೆಗಳಂತೂ ಮುಂಗಡ ಕೊಟ್ಟ ದಿನವೇ ಅಂಗಡಿಯಲ್ಲಿ ಸಿದ್ಧವಿರುತ್ತವೆ. ಅವನ್ನು ಆಗಲೇ ಕೇಳಿ ತಂದು, 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆ ಆರಂಕಿಯ ಪಿನ್ ಕೋಡನ್ನು ನಂಟರಿಗೆ ಫೋನು ಮಾಡಿ ವಿಚಾರಿಸುತ್ತ, ಒಳಗಿನ ಹಾಳೆ ಅಚ್ಚಾಗುವಷ್ಟರಲ್ಲಿ ವಿಳಾಸಗಳನ್ನೆಲ್ಲ ಬರೆದು ಮುಗಿಸಬಹುದು. ಬರೆಯುವಾಗ ಕೆಡುವುವೆಂದು ಹತ್ತು ಲಕೋಟೆಗಳನ್ನು ಹೆಚ್ಚಾಗಿ ಕೇಳಿದರೆ, ಸುಲ್ತಾನಪೇಟೆಯವರು ಅದಕ್ಕೆ ಬೆಲೆ ಹಿಡಿಯುವುದು ಕಡಿಮೆ.