ಕಿಟಕಿ ಸರಳಿಗೆ ತೂಗುಬಿಟ್ಟ 2025

ಕೆಂಗೇರಿ ಉಪನಗರದ ಆ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಓನರ್ ಕಟ್ಟಪ್ಪಣೆ. ಹಾಗಾಗಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಅಡುಗೆಮನೆ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಮೇಲೆ ಹೊಸ ವರ್ಷದ್ದು, ಅದರ ಹಿಂದೆ 2025ರದ್ದು. ರಾಜಾಜಿನಗರದ ಹಳೇ ಮನೆ ಬಿಟ್ಟು ಊರಂಚಿಗೆ ಸರಿದ ಎಳೇ ಸಂಸಾರವೊಂದು ತನ್ನ ಒಂದು ವರ್ಷವನ್ನು ಹೇಗೆ ನೆನೆಯುತ್ತದೆ ಎಂದು ಕೇಳಲು ಹೋಗಿದ್ದೆ. ಕಾಫಿ ಬರುವಷ್ಟರಲ್ಲಿ ಕೈ ಆ ಹಿಂದಿನ ಕ್ಯಾಲೆಂಡರಿಗೆ ಹೋಯಿತು. ಬರೆದುಕೊಂಡು ಬಂದಿದ್ದ ಪ್ರಶ್ನೆಗಳು ಜೇಬಿನಲ್ಲೇ ಉಳಿದವು.

ಒಂದೊಂದು ಚೌಕದಲ್ಲೂ ಏನಾದರೊಂದು ಗೀಚಿತ್ತು. ಹಾಲು ಎಷ್ಟು ಪ್ಯಾಕೆಟ್ಟು, ಸಿಲಿಂಡರ್ ಯಾವತ್ತು ಹಚ್ಚಿದ್ದು, ಕೆಲಸದವಳು ಬಾರದ ದಿನಕ್ಕೆ ಅಡ್ಡಗೀಟು, ಮಗುವಿನ ಚುಚ್ಚುಮದ್ದಿಗೆ ಹಸಿರು ಚುಕ್ಕೆ. ಬರವಣಿಗೆಯೂ ಮೂರು ಬಗೆಯದು: ಹೆಂಡತಿಯ ಸಣ್ಣಕ್ಷರ, ಗಂಡನ ಅವಸರದ ಇಂಗ್ಲಿಷ್ ಅಂಕಿ, ಅತ್ತೆಯ ದುಂಡನೆಯ ಕನ್ನಡ. ಅತ್ತೆಯವರು ಏಕಾದಶಿಗೆ ಬೇರೆ ಸುತ್ತು ಹಾಕಿದ್ದಾರೆ. ಅದು ಅಚ್ಚಾಗಿಯೇ ಇದ್ದರೂ ಅವರಿಗೆ ಸಮಾಧಾನವಿಲ್ಲ.

ಈ ಕ್ಯಾಲೆಂಡರಿನ ಮೇಲೆ ನನಗೆ ಸಣ್ಣ ಮೋಹವಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಶುರುವಾದ ಮುದ್ರಣಾಲಯ ಅದು. ಮೈಸೂರು ರಸ್ತೆಯಲ್ಲಿ ಇದೆ. ಕ್ಯಾಲೆಂಡರ್ ಹೊರಬಂದದ್ದು 1921ರಲ್ಲಿ. ದೇವರ ಪಟವಿಲ್ಲ, ಸಿನಿಮಾ ತಾರೆಯಿಲ್ಲ. ಕೆಂಪು ಕಪ್ಪು ದಪ್ಪ ಅಂಕಿ, ತಿಥಿ, ನಕ್ಷತ್ರ, ರಾಹುಕಾಲ, ಅಷ್ಟೆ. ಫೋನಿನಲ್ಲಿ ಎಲ್ಲವೂ ಸಿಗುವಾಗ ಮೂವತ್ತರ ಆಸುಪಾಸಿನವರಿಗೆ ಇದ್ಯಾಕೆ ಬೇಕು? ಸೊಸೆ ಕೊಟ್ಟ ಉತ್ತರ ಸರಳ. ‘ಫೋನಲ್ಲಿ ಹಾಕಿದ್ರೆ ನನಗೊಬ್ಬಳಿಗೇ ಗೊತ್ತಿರುತ್ತೆ ಸಾರ್. ಇಲ್ಲಿ ಬರೆದ್ರೆ ಅತ್ತೆ ನೋಡ್ತಾರೆ, ಇವ್ರೂ ನೋಡ್ತಾರೆ. ನಾನು ಹೇಳಿಲ್ಲ ಅನ್ನೋ ಹಾಗಿಲ್ಲ.’

ಇನ್ನು ವರ್ಷದ ವಿಚಾರ. ಜನವರಿ 5ರ ಚೌಕದಲ್ಲಿ ಗಂಡನ ಬರಹ: ‘ಬಸ್ 15%’. ಫೆಬ್ರವರಿ 9ಕ್ಕೆ ‘ಮೆಟ್ರೊ 60–90’. ಗರಿಷ್ಠ ದರ ಏರಿದ್ದು ಹಾಗೆ. ಏಪ್ರಿಲ್ 1ಕ್ಕೆ ‘ಹಾಲು +4’. ಈ ಮೂರು ಏರಿಕೆಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನು ನೀವೂ ಓದಿದ್ದೀರಿ, ಮತ್ತೆ ಹೇಳಬೇಕಿಲ್ಲ.

ಏಪ್ರಿಲ್ ಹಾಳೆಯಲ್ಲಿ ಮಾತ್ರ ಬಿಳಿ ಜಾಗವೇ ಉಳಿದಿರಲಿಲ್ಲ. ಮಗ ಹುಟ್ಟಿದ್ದು ಹಿಂದಿನ ಅಕ್ಟೋಬರಿನಲ್ಲಿ. ಇಪ್ಪತ್ತಾರು ವಾರಗಳ ಹೆರಿಗೆ ರಜೆ ಮುಗಿದದ್ದು ಆ ತಿಂಗಳು. ಮಗಳಿಗೆ ಒಂದನೇ ಕ್ಲಾಸು ಸಿಗುತ್ತದೋ ಇಲ್ಲವೋ ಎಂಬ ತಳಮಳವೂ ಆಗಲೇ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲೇ ಆದೇಶಿಸಿತ್ತು, ಜಾರಿ 2025–26ರಿಂದ. ಹುಡುಗಿ ಹುಟ್ಟಿದ್ದು 2019ರ ಡಿಸೆಂಬರ್. ಯುಕೆಜಿ ಮುಗಿಸಿ ಮತ್ತೆ ಯುಕೆಜಿಯಲ್ಲೇ ಕೂರಬೇಕಾಗಿತ್ತು. ಏಪ್ರಿಲಿನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿದ್ದರೆ ಸಾಕೆಂದು ಸಡಿಲಿಸಿದರು. ಕೆಲವೇ ದಿನಗಳ ಅಂತರದಲ್ಲಿ ದಾಟಿಕೊಂಡಳು. ಚೌಕದಲ್ಲಿ ಒಂದೇ ಮಾತು: ‘ಪಾಸು’. ಬರೆದದ್ದು ಅಜ್ಜಿ.

ಮನೆ ಬದಲಿಸಿದ್ದು ಮೇ ಕೊನೆಗೆ. ಆಷಾಢ ಹಿಡಿಯುವ ಮೊದಲು ಹಾಲುಕ್ಕಿಸಬೇಕೆಂಬ ಹಟ ಅಜ್ಜಿಯದೇ. ಕಾರಣ ಪಶ್ಚಿಮ ಬೆಂಗಳೂರಿನ ಮಾಮೂಲಿ ಕಥೆ. ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಲ್ಲಿ 1949ರ ಹೊತ್ತಿಗೆ ಎದ್ದ ಬಡಾವಣೆಯಲ್ಲಿ ತಾತನಿಗೆ ಸಿಕ್ಕಿದ ಸೈಟು. ಮೂವರು ಮಕ್ಕಳಿಗೆ ಪಾಲಾಗಿ, ಹಂಚಿನ ಮನೆ ಕೆಡವಿ, ಈಗ ಪಿಲ್ಲರ್ ಎದ್ದು ನಿಂತಿವೆ. ಅಪ್ಪ ಅಮ್ಮ ಹಿರಿಮಗನ ಜೊತೆ ಬಸವೇಶ್ವರನಗರಕ್ಕೆ, ಇವರು ಕೆಂಗೇರಿಗೆ. ರಾಜಾಜಿನಗರದಲ್ಲಿದ್ದಾಗ ಗಂಡ ಮಹಾಕವಿ ಕುವೆಂಪು ರಸ್ತೆ ನಿಲ್ದಾಣದಲ್ಲಿ ಹತ್ತಿದರೆ ನೇರ ಪೀಣ್ಯದ ಕಾರ್ಖಾನೆ. ಈಗ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಹಸಿರು ಮಾರ್ಗಕ್ಕೆ ಬದಲಿಸಬೇಕು. 2021ರ ಆಗಸ್ಟಿನಲ್ಲಿ ಮೆಟ್ರೊ ಬಂದಾಗಿನಿಂದ ಕೆಂಗೇರಿ ಹತ್ತಿರವಾಯಿತು ಎನ್ನುತ್ತಾರೆ. ಯಾರಿಗೆ ಹತ್ತಿರ ಎಂಬುದು ನನ್ನ ಅನುಮಾನ. ಬಾಡಿಗೆಯನ್ನಂತೂ ಅದು ಎಳೆದು ತಂದಿದೆ.

ಜೂನಿನಿಂದಾಚೆ ಹಾಳೆಗಳ ಸ್ವಭಾವವೇ ಬೇರೆ. ಹಾಲು, ಗ್ಯಾಸು ಹಿಂದಕ್ಕೆ ಸರಿದು, ‘ಅಮ್ಮ ಬರ್ತಾರೆ’, ‘ಅಮ್ಮ ಬರಲ್ಲ’ ಎಂಬುದೇ ಚೌಕದ ನಡುಮಧ್ಯಕ್ಕೆ ಬಂದಿದೆ. ಮಗುವನ್ನು ನೋಡಿಕೊಳ್ಳಲು ಅಜ್ಜಿ ಬಸವೇಶ್ವರನಗರದಿಂದ ಎರಡು ಬಸ್ ಬದಲಿಸಿ ಬರುತ್ತಾರೆ. ಮೆಟ್ರೊ ಬೇಡವಂತೆ. ಆಧಾರ್ ತೋರಿಸಿದರೆ ಬಸ್ಸಿನಲ್ಲಿ ಶೂನ್ಯ ಟಿಕೆಟ್, 2023ರ ಜೂನ್ 11ರಿಂದ. ‘ದುಡ್ಡು ಕೊಟ್ಟು ದಿನಾ ಓಡಾಡಕ್ಕೆ ಆಗ್ತಿತ್ತಾ ಹೇಳಿ?’ ಎಂದರು ಅಜ್ಜಿ, ಮೊಮ್ಮಗನಿಗೆ ರಾಗಿ ಸರಿ ತಿನ್ನಿಸುತ್ತ. ಶಕ್ತಿ ಯೋಜನೆಯನ್ನು ಬಿಟ್ಟಿ ಭಾಗ್ಯವೆಂದು ಹಂಗಿಸುವವರು ಈ ಮನೆಯ ಲೆಕ್ಕವನ್ನು ಒಮ್ಮೆ ನೋಡಬೇಕು. ಸೊಸೆಯ ಸಂಬಳ ನಿಂತಿರುವುದೇ ಅತ್ತೆಯ ಆ ಟಿಕೆಟ್ಟಿನ ಮೇಲೆ.

‘ಅತ್ತೆಗೆ ಮಂಡಿ ನೋವು. ಬರಲ್ಲ ಅಂದ ದಿನ ನಾನು ರಜೆ, ಇಲ್ಲ ಇವ್ರು ರಜೆ. ಇವ್ರು ಹಾಕಿದ್ದು ಎಷ್ಟು, ನಾನು ಹಾಕಿದ್ದು ಎಷ್ಟು, ನೀವೇ ಎಣಿಸಿ ಸಾರ್’ ಎಂದಳಾಕೆ. ಗಂಡ ಕಾಫಿ ಲೋಟ ತೊಳೆಯಲು ಎದ್ದುಹೋದ. ನಾನು ಎಣಿಸಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ಸೆಪ್ಟೆಂಬರ್ 2ರ ಚೌಕವನ್ನು ನಾನಾಗಿಯೇ ಹುಡುಕಿದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಊರು ಐದು ಪಾಲಿಕೆಗಳಾದ ದಿನ. ರಾಜಾಜಿನಗರ, ವಿಜಯನಗರಗಳು ಪಶ್ಚಿಮ ಪಾಲಿಕೆಗೆ ಸೇರಿದ ದಿನ. ಕೆಂಗೇರಿಗಂತೂ ಇಂಥ ಬದಲಾವಣೆ ಹೊಸದಲ್ಲ. 2007ರಲ್ಲಿ ಬಿಬಿಎಂಪಿಗೆ ಸೇರಿದ ಎಂಟು ಸ್ಥಳೀಯ ಸಂಸ್ಥೆಗಳಲ್ಲಿ ಏಳು ನಗರಸಭೆಗಳು, ಪುರಸಭೆಯಾಗಿದ್ದದ್ದು ಕೆಂಗೇರಿ ಒಂದೇ. ಇಷ್ಟೆಲ್ಲ ಚರಿತ್ರೆಯ ಆ ದಿನಕ್ಕೆ ಈ ಮನೆಯವರು ಬರೆದದ್ದು ‘ಸಿಲಿಂಡರ್ ಬಂತು’ ಎಂದು. ಪಾಲಿಕೆ ಒಡೆದದ್ದರಿಂದ ಇವರ ಬೆಳಗಿನಲ್ಲಿ ಏನೂ ಬದಲಾಗಲಿಲ್ಲ, ಬರೆಯಲು ಏನಿತ್ತು?

ಕೂಸಿಗೆ ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದೀಚೆಗೆ ಐವತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು. ಆಕೆ ಲೆಕ್ಕ ಬರೆಯುವ ಕಚೇರಿಯಲ್ಲಿ ಇರುವವರು ಇಪ್ಪತ್ತು ಜನರೂ ಇಲ್ಲ. ಖಾಸಗಿ ಪ್ಲೇ ಹೋಮ್ ಕೇಳುವುದು ಸಂಬಳದ ಮೂರರಲ್ಲೊಂದು ಪಾಲು. ಪಶ್ಚಿಮ ಬೆಂಗಳೂರಿನ ಸಣ್ಣ ಕಚೇರಿ, ಗಾರ್ಮೆಂಟ್ಸ್, ಅಂಗಡಿಗಳಲ್ಲಿ ದುಡಿಯುವ ಎಷ್ಟೋ ತಾಯಂದಿರ ಪಾಡೂ ಇದೇ.

ಹಳ್ಳಿಗಳಿಗೆ ಸರ್ಕಾರ ಇದಕ್ಕೊಂದು ಉತ್ತರ ಕೊಟ್ಟಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರ ಬಜೆಟ್ಟಿನಲ್ಲಿ ಘೋಷಿಸಿತು. ಐದು ಪಾಲಿಕೆಗಳ ಹೊಸ ಆಯುಕ್ತರು ಬೋರ್ಡುಗಳ ಮೇಲಿನ ಹೆಸರು ಬದಲಿಸಿ ಮುಗಿಸಿದ ಮೇಲೆ, ಕೆಂಗೇರಿ, ವಿಜಯನಗರ, ರಾಜಾಜಿನಗರದಂಥ ಮೆಟ್ರೊ ನಿಲ್ದಾಣಗಳ ಪಕ್ಕ ಒಂದೊಂದು ಕೂಸಿನ ಮನೆ ತೆರೆಯಲಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಸಂಜೆ ಏಳರವರೆಗೆ ಇರಲಿ. ಅಜ್ಜಿಯರ ಮಂಡಿಗೂ ವಾರಕ್ಕೆ ಎರಡು ದಿನ ರಜೆ ಸಿಗಲಿ.